ಶುಶ್ರೂಷೆಯ ಪಾಠಶಾಲೆ

ಕನ್ನಡದ ‘ಸೇರು’ ಎಂಬ ಸಣ್ಣ ಕ್ರಿಯಾಪದ ಬಹಳ ದುಡಿಯುವ ಪದ. ಹುಡುಗಿ ಕಾಲೇಜು ಸೇರಿದಳು ಎನ್ನುತ್ತೇವೆ; ಕತ್ತಲಾಗುವುದರೊಳಗೆ ಮನೆ ಸೇರಿದಳು ಎನ್ನುತ್ತೇವೆ; ಜ್ವರ ಬಂದಾಗಿನಿಂದ ಅನ್ನ ಸೇರುತ್ತಿಲ್ಲ ಎಂದೂ ಹೇಳುತ್ತೇವೆ. ಮೊದಲನೆಯ ಸೇರುವಿಕೆಗೆ ಅಂಕಪಟ್ಟಿ, ವರ್ಗಾವಣೆ ಪತ್ರ, ಶುಲ್ಕದ ರಸೀತಿ ಇಷ್ಟಿದ್ದರೆ ಸಾಕು. ಎರಡನೆಯದಕ್ಕೆ ದಾರಿ ಗೊತ್ತಿರಬೇಕು. ಮೂರನೆಯದು ಮಾತ್ರ ಯಾರ ಅಪ್ಪಣೆಗೂ ಒಳಪಟ್ಟುದಲ್ಲ. ಅನ್ನ ಎದುರಿಗಿದ್ದರೂ, ಬಡಿಸುವ ಕೈ ಪ್ರೀತಿಯದೇ ಆಗಿದ್ದರೂ, ಸೇರದಿದ್ದರೆ ಸೇರದು. ಮನುಷ್ಯನು ಒಂದು ವಿದ್ಯಾಸಂಸ್ಥೆಯನ್ನು ಈ ಮೂರನೆಯ ಅರ್ಥದಲ್ಲಿ ಸೇರುವುದು ಯಾವಾಗ? ಶುಶ್ರೂಷಾ ವಿದ್ಯಾರ್ಥಿನಿಯಾಗಿ ನಾಲ್ಕು ವರ್ಷ ಕಳೆದ ನನಗೆ ಈ ಪ್ರಶ್ನೆಗೆ ಉತ್ತರ ದೊರೆತದ್ದು ಆಸ್ಪತ್ರೆಯ ಒಂದು ಮಂಚದ ಪಕ್ಕದಲ್ಲಿ. ಅದನ್ನು ಹೇಳುವ ಮೊದಲು ನಾನು ಹೊರಟು ಬಂದ ಸೀಮೆಯನ್ನು ಕುರಿತು ಕೆಲವು ಮಾತು ಅಗತ್ಯ.

ಸಾಗರ, ಹೊಸನಗರ, ತೀರ್ಥಹಳ್ಳಿ ಇವು ಶಿವಮೊಗ್ಗ ಜಿಲ್ಲೆಯ ಪಡುವಣ ಅಂಚಿನಲ್ಲಿ ಒಂದರ ಮಗ್ಗುಲಿಗೊಂದು ಇರುವ ತಾಲ್ಲೂಕುಗಳು. ತಗ್ಗಿನಲ್ಲಿ ಅಡಿಕೆಯ ತೋಟ, ಅದರಾಚೆ ಭತ್ತದ ಗದ್ದೆ, ಹಿಂದೆ ಸೊಪ್ಪಿನ ಬೆಟ್ಟ. ಒಂದು ಮನೆಯಿಂದ ಇನ್ನೊಂದು ಮನೆಗೆ ಕೂಗಿದರೆ ಕೇಳಿಸದಷ್ಟು ದೂರ. ಸಾಹಿತ್ಯವನ್ನು ಓದಿದವರಿಗೆ ಈ ಹೆಸರುಗಳು ಹೊಸವಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿ ಕುವೆಂಪು ಅವರ ಊರು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ನೀನಾಸಮ್ ಹುಟ್ಟಿತು. ಹೊಸನಗರ ತಾಲ್ಲೂಕಿನ ನಗರವು ಬಿದನೂರು ಎಂಬ ಹೆಸರಿನಲ್ಲಿ ಕೆಳದಿಯ ಅರಸರ ರಾಜಧಾನಿಯಾಗಿತ್ತು.

ನನ್ನ ಹಿರಿಯರಿಗೆ ಮಾತ್ರ ಈ ಸೀಮೆಯ ಚರಿತ್ರೆಯೆಂದರೆ ನೀರಿನ ಚರಿತ್ರೆ. ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಸಮುದ್ರಮಟ್ಟದಿಂದ 1819 ಅಡಿಯವರೆಗೆ ನೀರು ನಿಲ್ಲುವ ಆ ಜಲಾಶಯ ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಅನೇಕ ಹಳ್ಳಿಗಳನ್ನು ನುಂಗಿತು. ಜೋಗದ ವಿದ್ಯುತ್ತಿಗಾಗಿ ಮೊದಲೇ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೇ ಹೊಸ ಹಿನ್ನೀರಿನಲ್ಲಿ ಮುಳುಗಿಹೋಯಿತೆಂದ ಮೇಲೆ ಗದ್ದೆ ತೋಟಗಳ ಮಾತೇನು? ನನ್ನ ಅಜ್ಜಿ ಆಗ ಹೊಸ ಮದುವಣಗಿತ್ತಿ. ಪಾತ್ರೆಗಳನ್ನೂ ಎರಡು ಎಮ್ಮೆಗಳನ್ನೂ ಹೊಡೆದುಕೊಂಡು ಆ ಕುಟುಂಬ ಹೊಸನಗರದ ಕಡೆಯ ಒಂದು ಗುಡ್ಡದ ತಪ್ಪಲಿಗೆ ಬಂದಿತು. ಅಲ್ಲಿಯ ಜನ ಇವರನ್ನು ‘ಮುಳುಗಡೆಯವರು’ ಎಂದು ಕರೆದರು. ನಿಂದೆಯ ಉದ್ದೇಶದಿಂದ ಅಲ್ಲ, ಗುರುತಿಗಾಗಿ. ಆದರೆ ಗುರುತಿಗೆ ಇಟ್ಟ ಹೆಸರೂ ದಿನದಿನವೂ ಕೇಳಿದಾಗ ಮುಳ್ಳಾಗುತ್ತದೆ. ಮುಳುಗಡೆಯ ಎಷ್ಟೋ ಕುಟುಂಬಗಳಿಗೆ, ಅರುವತ್ತು ವರ್ಷ ಕಳೆದ ಮೇಲೂ, ತಾವು ಉಳುತ್ತಿರುವ ನೆಲದ ಹಕ್ಕಿನ ಪ್ರಶ್ನೆ ಪೂರ್ತಿ ಬಗೆಹರಿದಿಲ್ಲವೆಂಬುದು ಈ ಜಿಲ್ಲೆಯವರೆಲ್ಲರೂ ಬಲ್ಲ ಸಂಗತಿ.

ಒಂದು ಮಳೆಗಾಲದಲ್ಲಿ ನೆರೆಮನೆಯ ಬಾಣಂತಿಗೆ ನೀರು ಹಾಕಲು ಯಾರೂ ಇಲ್ಲವೆಂದು ಅಜ್ಜಿಯನ್ನು ಕರೆದರಂತೆ. ಅಜ್ಜಿ ಹೋದಳು. ಕೂಸಿಗೆ ಎಣ್ಣೆ ಹಚ್ಚಿದಳು, ತಾಯಿಗೆ ಬಿಸಿನೀರು ಹೊಯ್ದಳು, ಕಷಾಯ ಕಾಸಿದಳು. ಆಮೇಲೆ ಇನ್ನೊಂದು ಮನೆ, ಮತ್ತೊಂದು ಮನೆ. ಕೆಲವು ವರ್ಷಗಳಲ್ಲಿ ‘ಮುಳುಗಡೆಯವರು’ ಎಂಬ ಹೆಸರು ತಾನಾಗಿ ಬಿದ್ದುಹೋಗಿ ನಾವು ‘ಮೇಲಿನ ಮನೆಯವರು’ ಆದೆವು. ಬಾಲ್ಯದಲ್ಲಿ ಈ ಕಥೆಯನ್ನು ನೂರು ಸಲ ಕೇಳಿದ್ದೇನೆ. ಅದರಲ್ಲಿ ನನ್ನ ಪಾಲಿಗೂ ಒಂದು ಪಾಠವಿದೆಯೆಂದು ಆಗ ತಿಳಿದಿರಲಿಲ್ಲ.

2017ರಲ್ಲಿ ನಾನು ಶಿವಮೊಗ್ಗೆಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಬಿ.ಎಸ್‌ಸಿ. ತರಗತಿಗೆ ಸೇರಿದೆ. ವಿಶ್ವವಿದ್ಯಾಲಯವೆಂದರೆ ನಮ್ಮ ಕಡೆಯವರಿಗೆ ನೆನಪಾಗುವುದು 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯ, ಶಂಕರಘಟ್ಟದ ಕಾಡಿನ ನಡುವಿನ ಅದರ ಕಟ್ಟಡಗಳು. ಆದರೆ ಶುಶ್ರೂಷೆಯ ಶಿಕ್ಷಣ ಅದರ ಕಕ್ಷೆಗೆ ಸೇರಿದ್ದಲ್ಲ. ರಾಜ್ಯದ ವೈದ್ಯಕೀಯ, ದಂತವೈದ್ಯಕೀಯ, ನರ್ಸಿಂಗ್ ಕಾಲೇಜುಗಳಲ್ಲಿ ಹೆಚ್ಚಿನವು 1996ರಲ್ಲಿ ಆರಂಭವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೆ ಬಂದವು. ಅದರ ಕಚೇರಿ ಇರುವುದು ಬೆಂಗಳೂರಿನ ಜಯನಗರದಲ್ಲಿ. ಹೀಗಾಗಿ ನನ್ನ ವಿಶ್ವವಿದ್ಯಾಲಯ ನನ್ನ ಪಾಲಿಗೆ ಪರೀಕ್ಷೆಯ ಪ್ರವೇಶಪತ್ರದ ಮೇಲಿನ ಒಂದು ಮುದ್ರೆ ಮಾತ್ರವಾಗಿತ್ತು. ಹುಲ್ಲುಹಾಸಿನ ಮೇಲೆ ಕುಳಿತು ಚರ್ಚೆ ಮಾಡುವ ವಿದ್ಯಾರ್ಥಿಗಳು, ಗ್ರಂಥಾಲಯದ ದೀರ್ಘ ಮಧ್ಯಾಹ್ನಗಳು ಮುಂತಾಗಿ ಕಾದಂಬರಿಗಳಲ್ಲಿ ಓದಿದ ವಿಶ್ವವಿದ್ಯಾಲಯ ನಮಗಿರಲಿಲ್ಲ. ನಮಗಿದ್ದದ್ದು ಬೆಳಗ್ಗೆ ತರಗತಿ, ಬಳಿಕ ವಾರ್ಡು, ರಾತ್ರಿ ಹಾಸ್ಟೆಲಿನ ಕೋಣೆಯಲ್ಲಿ ಬರೆಯಬೇಕಾದ ದಾಖಲೆ ಪುಸ್ತಕ.

ಶುಶ್ರೂಷೆಗೂ ಪದವಿಯೇ ಎಂದು ನಮ್ಮ ಬಂಧುಗಳಲ್ಲಿ ಕೆಲವರು ಹುಬ್ಬೇರಿಸಿದರು. ಅವರ ಆಶ್ಚರ್ಯಕ್ಕೆ ಕಾರಣವಿಲ್ಲದಿಲ್ಲ. ಡಾ. ಐಡಾ ಸ್ಕಡರ್ ಅವರು ವೆಲ್ಲೂರಿನಲ್ಲಿ 1909ರಲ್ಲಿ ದಾದಿಯರ ಶಾಲೆಯನ್ನು ತೆರೆದಾಗಲೂ, ಅದರ ಮುಂದಿನ ಕಾಲದಲ್ಲೂ, ದಾದಿಯ ವಿದ್ಯೆಯೆಂದರೆ ಆಸ್ಪತ್ರೆಯಲ್ಲಿ ದುಡಿಯುತ್ತ ಕಲಿಯುವ ಕೈಕೆಲಸವೆಂದೇ ಭಾವನೆಯಿತ್ತು. ಭಾರತದಲ್ಲಿ ನರ್ಸಿಂಗ್ ಪದವಿ ತರಗತಿಗಳು ಮೊದಲಾದದ್ದು 1946ರಲ್ಲಿ, ದೆಹಲಿಯಲ್ಲಿ ಮತ್ತು ವೆಲ್ಲೂರಿನಲ್ಲಿ. ಮರುವರ್ಷ, 1947ರಲ್ಲಿ, ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆ ಬಂದಿತು. ಗಾಯ ತೊಳೆಯುವ ಕೈಗೂ ಶಾಸ್ತ್ರವಿದೆ, ಆ ಶಾಸ್ತ್ರಕ್ಕೂ ಪದವಿ ಸಲ್ಲುತ್ತದೆ ಎಂದು ದೇಶ ಒಪ್ಪಿಕೊಂಡು ಸುಮಾರು ಎಂಟು ದಶಕಗಳಷ್ಟೇ ಆಗಿವೆ. ಈಗ ಸರ್ಕಾರದ ಕಾಗದಗಳಲ್ಲಿ ನಮ್ಮನ್ನು ‘ಶುಶ್ರೂಷಾಧಿಕಾರಿ’ ಎನ್ನುತ್ತಾರೆ. ವಾರ್ಡಿನಲ್ಲಿ ಇಂದಿಗೂ ‘ಸಿಸ್ಟರಮ್ಮ’ ಎಂದೇ ಕರೆಯುತ್ತಾರೆ.

ಮೊದಲ ವರ್ಷ ಕಠಿಣವಾಗಿತ್ತು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವಳು ನಾನು. ಪಿಯುಸಿಯಲ್ಲಿ ವಿಜ್ಞಾನ ಇಂಗ್ಲಿಷಿಗೆ ತಿರುಗಿದಾಗ ಗೈಡುಗಳನ್ನು ಉರುಹಚ್ಚಿ ಹೇಗೋ ದಾಟಿದ್ದೆ. ಇಲ್ಲಿ ಅದು ನಡೆಯುವಂತಿರಲಿಲ್ಲ. ಅಂಗರಚನೆ, ಅಂಗಕ್ರಿಯೆ, ಸೂಕ್ಷ್ಮಜೀವಿ ಶಾಸ್ತ್ರ, ಶುಶ್ರೂಷೆಯ ಮೂಲತತ್ತ್ವ ಎಲ್ಲವೂ ಇಂಗ್ಲಿಷಿನಲ್ಲಿ, ಅದರೊಳಗೆ ಲ್ಯಾಟಿನ್ನಿನಲ್ಲಿ. ಭುಜದ ಮೂಳೆ ನನಗೆ ಗೊತ್ತಿತ್ತು. ಕಾಡುಹಂದಿಯ ಪಾಲು ಮಾಡುವುದನ್ನು ನೋಡಿದ ಮಕ್ಕಳಿಗೆ ಮೂಳೆಗಳ ಕೀಲು ಹೇಗೆ ಕೂಡುತ್ತವೆಂದು ಹೇಳಿಕೊಡಬೇಕಾಗಿಲ್ಲ. ಗೊತ್ತಿಲ್ಲದಿದ್ದದ್ದು ಅದರ ಹೆಸರು, ಹೆಸರಿನ ಸುತ್ತ ಕಟ್ಟಬೇಕಾದ ವಾಕ್ಯ. ಉತ್ತರ ತಿಳಿದಿದ್ದೂ ವಾಕ್ಯ ತಿಳಿಯದ ವಿದ್ಯಾರ್ಥಿಯ ಮೌನ ಎಂಥದೆಂಬುದು ಅನುಭವಿಸಿದವರಿಗೇ ಗೊತ್ತು. ಹೊರಗಿನಿಂದ ನೋಡಿದವರಿಗೆ ಅದು ದಡ್ಡತನದಂತೆಯೇ ಕಾಣುತ್ತದೆ. ಕ್ರಮೇಣ ಒಳಗಿನಿಂದ ನೋಡುವವರಿಗೂ ಹಾಗೆಯೇ ಕಾಣತೊಡಗುತ್ತದೆ, ಅಪಾಯವಿರುವುದು ಅಲ್ಲಿ. ಊಟದ ಮನೆಯ ಅನ್ನ ಸೇರಲಿಲ್ಲ. ನಿದ್ದೆ ದೂರವಾಯಿತು. ಸಂಜೆ ಹೊಸನಗರದ ಕಡೆಗೆ ಹೊರಡುವ ಕೊನೆಯ ಬಸ್ಸಿನ ಹೊತ್ತು ಬಾಯಿಪಾಠವಾಗಿತ್ತು. ಟಿಕೇಟಿನ ಹಣವನ್ನು ಬೇರೆಯಾಗಿ ಕಟ್ಟಿ ಪೆಟ್ಟಿಗೆಯ ಮೂಲೆಯಲ್ಲಿ ಇಟ್ಟಿದ್ದೆ.

ಆ ಹಣ ಅಲ್ಲಿಯೇ ಉಳಿದದ್ದು ನನ್ನ ಕೋಣೆಯ ಸಂಗಾತಿಯಿಂದ. ಕರ್ನಾಟಕದ ನರ್ಸಿಂಗ್ ಕಾಲೇಜುಗಳಲ್ಲಿ ಕೇರಳದಿಂದ ಬಂದು ಓದುವವರು ಬಹಳ ಮಂದಿ. ಇವಳು ವಯನಾಡಿನವಳು, ನಮ್ಮಂತೆಯೇ ಅಡಿಕೆ ಮೆಣಸುಗಳ ನಡುವೆ, ಮಳೆಯ ನಡುವೆ ಬೆಳೆದವಳು. ಇಂಗ್ಲಿಷ್ ಪುಸ್ತಕ ಅವಳಿಗೆ ನೀರು ಕುಡಿದಷ್ಟು ಸುಲಭ. ಆದರೆ ವಾರ್ಡಿಗೆ ಹೋದಾಗ ರೋಗಿಯ ಒಂದು ಮಾತೂ ಅವಳಿಗೆ ತಿಳಿಯುತ್ತಿರಲಿಲ್ಲ. ನಾನು ತರಗತಿಯಲ್ಲಿ ಮೂಕಿ, ಅವಳು ಆಸ್ಪತ್ರೆಯಲ್ಲಿ ಮೂಕಿ. ರಾತ್ರಿ ಒಂದು ಗಂಟೆ ಅವಳು ನನಗೆ ಪುಸ್ತಕವನ್ನು ಬಿಡಿಸಿ ಹೇಳುವುದು, ಒಂದು ಗಂಟೆ ನಾನು ಅವಳಿಗೆ ರೋಗಿಗಳ ಮಾತನ್ನು ಬಿಡಿಸಿ ಹೇಳುವುದು ಎಂದು ಒಪ್ಪಂದ ಮಾಡಿಕೊಂಡೆವು.

ಆ ಪಾಠಗಳಲ್ಲಿ ನಗುವಿಗೆ ಕೊರತೆಯಿರಲಿಲ್ಲ. ‘ನೋವು’ ಎಂಬ ಮಾತು ಅವಳ ಭಾಷೆಯಲ್ಲೂ ಇದೆಯೆಂದು ತಿಳಿದಾಗ ನಮ್ಮಿಬ್ಬರ ಅರ್ಧ ಕೆಲಸ ಮುಗಿದಂತಾಯಿತು. ಆದರೆ ‘ಪನಿ’ ಎಂದು ಅವಳು ಹೇಳಿದಾಗ ನನಗೆ ನೆನಪಾದದ್ದು ಹಳಗನ್ನಡದ ಪಾಠ. ನಮ್ಮ ಹಿಂದಿನವರಿಗೆ ಪನಿಯೆಂದರೆ ಹನಿ, ಮಲಯಾಳದವರಿಗೆ ಪನಿಯೆಂದರೆ ಜ್ವರ. ಮಂಗನ ಕಾಯಿಲೆಯನ್ನು ಅವಳ ಊರಿನಲ್ಲಿ ‘ಕುರಂಗುಪನಿ’ ಎನ್ನುತ್ತಾರಂತೆ. ಕುರಂಗವೆಂದರೆ ನಮ್ಮ ಕಾವ್ಯಗಳಲ್ಲಿ ಜಿಂಕೆ. ಹಳಗನ್ನಡದ ಕಿವಿಗೆ ಅದು ಜಿಂಕೆಯ ಮೈಮೇಲಿನ ಹನಿಯೆಂಬ ಸುಂದರ ಸಮಾಸದಂತೆ ಕೇಳುತ್ತದೆ! ಅಷ್ಟು ಭಯಂಕರವಾದ ರೋಗಕ್ಕೆ ಅಷ್ಟು ಚೆಂದದ ಹೆಸರೇ ಎಂದು ಇಬ್ಬರೂ ನಕ್ಕೆವು. ಆ ರೋಗದ ಮಾತು ಮುಂದೆ ನಗುವಿನದಾಗಿ ಉಳಿಯಲಿಲ್ಲ.

ಆ ದಿನಗಳಲ್ಲೇ ಒಮ್ಮೆ ನಿಘಂಟಿನಲ್ಲಿ ‘ಶುಶ್ರೂಷೆ’ ಎಂಬ ಪದವನ್ನು ಹುಡುಕಿದೆ. ಸೇವೆ, ಉಪಚಾರ ಎಂಬ ಅರ್ಥಗಳು ತಿಳಿದವೇ. ಆದರೆ ಪದದ ಮೂಲ ಬೇರೊಂದು ಕಡೆಗಿದೆ. ಕೇಳು ಎಂಬರ್ಥದ ‘ಶ್ರು’ ಧಾತುವಿಗೆ ಇಚ್ಛೆಯನ್ನು ಸೂಚಿಸುವ ಸನ್ ಪ್ರತ್ಯಯ ಹತ್ತಿ ಆದ ಪದ ಅದು. ತಿಳಿಯುವ ಇಚ್ಛೆ ಜಿಜ್ಞಾಸೆ. ಕುಡಿಯುವ ಇಚ್ಛೆ ಪಿಪಾಸೆ. ಹಾಗೆಯೇ ಕೇಳುವ ಇಚ್ಛೆ ಶುಶ್ರೂಷೆ. ‘ಚಿಕಿತ್ಸೆ’ ಎಂಬ ಮಾತಿನಲ್ಲೂ ಇರುವುದು ಅದೇ ಪ್ರತ್ಯಯ. ಗುರುವಿನ ಮಾತನ್ನು ಕೇಳಲು ಬಯಸುವವನು ಗುರುವಿನ ಸೇವೆ ಮಾಡುತ್ತಾನೆ. ಹೀಗೆ ಕೇಳುವ ಬಯಕೆ ಸೇವೆಯೆಂಬ ಅರ್ಥಕ್ಕೆ ತಿರುಗಿತು. ನಮ್ಮ ವೃತ್ತಿಗೆ ಇಂಥ ಹೆಸರಿದ್ದೂ ಅದರ ಅರ್ಥವನ್ನು ನಾವು ಮರೆತಿದ್ದೇವಲ್ಲ ಎನಿಸಿತು. ಫ್ಲಾರೆನ್ಸ್ ನೈಟಿಂಗೇಲ್ ಸಂಸ್ಕೃತ ಬಲ್ಲವರಲ್ಲ. ಭಾರತದ ಆರೋಗ್ಯವನ್ನು ಕುರಿತು ವರ್ಷಗಟ್ಟಲೆ ಬರೆದರೂ ಅವರು ಈ ದೇಶವನ್ನು ಕಂಡವರೂ ಅಲ್ಲ. ಆದರೂ 1859ರಲ್ಲಿ ಅವರು ಬರೆದ ಶುಶ್ರೂಷೆಯ ಪುಸ್ತಕದಲ್ಲಿ ಇದೇ ವಿವೇಕ ಕಾಣುತ್ತದೆ. ರೋಗಿಯೊಡನೆ ಮಾತನಾಡುವಾಗ ಅವನ ಕಣ್ಣಿಗೆ ಕಾಣುವಂತೆ ಕುಳಿತುಕೊಳ್ಳಬೇಕು, ಅವಸರ ತೋರಬಾರದು, ಬಾಗಿಲ ಹೊರಗೆ ಪಿಸುಗುಟ್ಟಬಾರದು, ಪೊಳ್ಳು ಧೈರ್ಯ ಹೇಳಬಾರದು ಎಂದು ಅವರು ಒತ್ತಿ ಹೇಳುತ್ತಾರೆ. ಮರುವರ್ಷ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ಶಾಲೆ ಆರಂಭವಾಯಿತು.

ಕೇಳುವುದೆಂದರೇನು ಎಂಬುದು ನನಗೆ ಮನದಟ್ಟಾದದ್ದು ಎರಡನೆಯ ವರ್ಷ, 2019ರ ಆರಂಭದಲ್ಲಿ. ಅದು ಮಂಗನ ಕಾಯಿಲೆಯ ಕಾಲ. ಈ ರೋಗ ಹುಟ್ಟಿದ್ದಲ್ಲವಾದರೂ ಹೆಸರು ಪಡೆದದ್ದು ನಮ್ಮ ಜಿಲ್ಲೆಯಲ್ಲಿಯೇ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಹತ್ತಿರದ ಹಳ್ಳಿಗಳ ಜನ ಜ್ವರದಿಂದ ಮಲಗಿದಾಗ, 1957ರಲ್ಲಿ ವಿಜ್ಞಾನಿಗಳು ಅದರ ವೈರಾಣುವನ್ನು ಗುರುತಿಸಿದರು. ಜಗತ್ತಿನ ವೈದ್ಯಗ್ರಂಥಗಳಲ್ಲೆಲ್ಲ ಅದು ಕ್ಯಾಸನೂರು ಕಾಡಿನ ರೋಗ. ಕರಿಮುಖದ ಮುಸಿಯ, ಕೆಂಪು ಮೋರೆಯ ಮಂಗ ಎರಡೂ ಅದರಿಂದ ಸಾಯುತ್ತವೆ. ಸತ್ತ ಮಂಗದ ಮೈಯಿಂದ ಉದುರಿದ ಉಣುಗುಗಳು ತರಗೆಲೆಯ ನಡುವೆ ಕಾದಿರುತ್ತವೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಸಾಸಿವೆಕಾಳಿಗಿಂತ ಚಿಕ್ಕದಾದ ಮರಿ ಉಣುಗುಗಳ ಕಾಲ. ಕೊಟ್ಟಿಗೆಗೆ ಹಾಸಲು ನಮ್ಮವರು ದರಗು ಗುಡಿಸಿ ತರುವ ಕಾಲವೂ ಅದೇ. 2018ರ ಡಿಸೆಂಬರಿನಿಂದ 2019ರ ಬೇಸಿಗೆಯವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಿನಲ್ಲಿ ಈ ರೋಗ ಮನೆಮನೆಯನ್ನೂ ನಡುಗಿಸಿತು, ಸಾವುಗಳಾದವು. ತೀರ್ಥಹಳ್ಳಿಯ ಕಡೆಯಿಂದಲೂ ಜ್ವರದ ಸುದ್ದಿ ಬರುತ್ತಿತ್ತು.

ಈ ರೋಗಕ್ಕೆ ನಿರ್ದಿಷ್ಟವಾದ ಔಷಧವಿಲ್ಲ. ಆಗ ಕೊಡುತ್ತಿದ್ದ ಲಸಿಕೆಯ ಬಳಕೆಯೂ 2022ರಲ್ಲಿ ನಿಂತುಹೋಯಿತು. ಏಕಾಏಕಿ ಏರುವ ಜ್ವರ, ಸಿಡಿಯುವ ತಲೆ, ಮೈಕೈ ಮುರಿಯುವ ನೋವು. ಕೆಲವರಲ್ಲಿ ಒಸಡಿನಿಂದ, ಮೂಗಿನಿಂದ, ಕರುಳಿನಿಂದ ರಕ್ತಸ್ರಾವ. ಕೆಲವರಿಗೆ ಜ್ವರ ಬಿಟ್ಟು ವಾರವೋ ಎರಡು ವಾರವೋ ಕಳೆದ ಮೇಲೆ ಮತ್ತೆ ಬಂದು ಮಿದುಳನ್ನು ಮುಟ್ಟುತ್ತದೆ. ನೂರರಲ್ಲಿ ಮೂರರಿಂದ ಐದು ಮಂದಿ ಉಳಿಯುವುದಿಲ್ಲ. ಮಿಕ್ಕವರನ್ನು ಉಳಿಸುವ ಕೆಲಸದಲ್ಲಿ ಶುಶ್ರೂಷೆಯ ಪಾಲು ದೊಡ್ಡದು: ದ್ರವ ಕಡಿಮೆಯಾಗದಂತೆ ನೋಡುವುದು, ಮೈ ಒರೆಸುವುದು, ಒಸಡನ್ನೂ ಮಲದ ಬಣ್ಣವನ್ನೂ ಗಮನಿಸುವುದು, ರಕ್ತ ತೆಳುವಾಗಿಸುವ ನೋವಿನ ಗುಳಿಗೆಗಳನ್ನು ದೂರವಿಡುವುದು, ನಿದ್ದೆ ಯಾವುದು ಮಂಪರು ಯಾವುದು ಎಂದು ಬೇರೆ ಮಾಡಿ ತಿಳಿಯುವುದು. ಆದರೆ ಇದಕ್ಕೆಲ್ಲ ಮೊದಲು ಇದು ಆ ಜ್ವರವಿರಬಹುದೆಂದು ಯಾರಿಗಾದರೂ ಹೊಳೆಯಬೇಕು.

ನಮ್ಮನ್ನು ಕಲಿಯಲು ಕಳುಹಿಸಿದ್ದ ಆಸ್ಪತ್ರೆಯ ವಾರ್ಡಿಗೆ ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಹೆಂಗಸು ಬಂದಿದ್ದಳು. ಐವತ್ತರ ಆಚೆಯ ವಯಸ್ಸು, ನಾಲ್ಕು ದಿನದ ಜ್ವರ. ಕಿರಿಯ ವೈದ್ಯರು ಕೇಳಬೇಕಾದ್ದನ್ನು ಸರಿಯಾಗಿಯೇ ಕೇಳಿದರು: “ಕಾಡಿಗೆ ಹೋಗಿದ್ರಾ?” “ಇಲ್ಲ” ಎಂದಳು. “ಮನೆಯ ಹತ್ತಿರ ಕಾಡಿದೆಯಾ?” “ಕಾಡು ದೂರ.” ಕಾಗದದಲ್ಲಿ ಹಾಗೆಯೇ ದಾಖಲಾಯಿತು. ಅವಳು ಸುಳ್ಳು ಹೇಳಲಿಲ್ಲ. ಮಲೆನಾಡಿನ ಮನುಷ್ಯನಿಗೆ ಮರಗಳಿರುವ ಜಾಗವೆಲ್ಲ ಕಾಡಲ್ಲ. ಅದರಲ್ಲಿ ಕಾನು ಬೇರೆ, ಹಾಡ್ಯ ಬೇರೆ, ಹಕ್ಕಲು ಬೇರೆ, ಬ್ಯಾಣ ಬೇರೆ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟವಂತೂ ಮನೆಯ ಅಂಗಳದಷ್ಟೇ ತನ್ನದು. ಕಾಡೆಂದರೆ ಅರಣ್ಯ ಇಲಾಖೆಯದು, ಹುಲಿಯದು. ಅವಳೇಕೆ ಅಲ್ಲಿಗೆ ಹೋದಾಳು?

ನನ್ನ ಕೆಲಸ ಅವಳ ಮೈ ಒರೆಸುವುದಾಗಿತ್ತು. ಹಣೆಯ ಮೇಲೆ ಒದ್ದೆ ಬಟ್ಟೆ ಇಟ್ಟು, ಮನೆಯಲ್ಲಿ ಜಾನುವಾರು ಎಷ್ಟು ಎಂದು ಕೇಳಿದೆ. ಎರಡು ಹಸು, ಒಂದು ಕರು. “ಕೊಟ್ಟಿಗೆಗೆ ದರಗು ಯಾರು ತರ್ತಾರಮ್ಮಾ?” ಎಂದೆ.

“ನಾನೇ ತರ್ಬೇಕಲ್ಲ ಮಾರಾಯ್ತಿ. ಹಿಂದಿನ ವಾರ ಪೂರಾ ಬೆಟ್ಟದಲ್ಲೇ ಇದ್ದೆ. ಈಗ ಗುಡಿಸ್ದೆ ಇದ್ರೆ ಮಳೆಗಾಲಕ್ಕೆ ಎಂಥ ಹಾಸೋದು?”

“ಅಲ್ಲಿ ಮಂಗ ಗಿಂಗ ಸತ್ತಿತ್ತಾ?”

“ಒಂದು ವಾಸನೆ ಬರ್ತಿತ್ತು. ನೋಡೋಕೆ ಹೋಗ್ಲಿಲ್ಲ.”

ಬಟ್ಟೆಯನ್ನು ನೀರಿಗೆ ಹಾಕಿ ವಾರ್ಡಿನ ಹಿರಿಯ ಸಿಸ್ಟರ್ ಬಳಿಗೆ ಹೋಗಿ ಹೇಳಿದೆ. ಇಂಗ್ಲಿಷಿನಲ್ಲಿ ಹೇಳಲು ಅಂದು ಭಯವಾಗಲಿಲ್ಲ, ಏಕೆಂದರೆ ವಾಕ್ಯದ ಯೋಚನೆಯೇ ಬರಲಿಲ್ಲ. ಅರ್ಧ ಕನ್ನಡ, ಅರ್ಧ ಇಂಗ್ಲಿಷು. ಅವರು ವೈದ್ಯರನ್ನು ಕರೆಸಿದರು. ವೈದ್ಯರು ಕಾಗದವನ್ನು ತಿದ್ದಿ ರಕ್ತವನ್ನು ಪರೀಕ್ಷೆಗೆ ಕಳುಹಿಸಿದರು. ಅದು ಮಂಗನ ಕಾಯಿಲೆಯೇ ಆಗಿತ್ತು. ಮೂರನೆಯ ದಿನ ಅವಳ ಒಸಡಿನಲ್ಲಿ ರಕ್ತ ಕಂಡಿತು. ಅದಕ್ಕೆ ಎಲ್ಲರೂ ಸಿದ್ಧರಾಗಿದ್ದರು. ಎರಡು ವಾರದ ಮೇಲೆ ಅವಳು ನಡೆದುಕೊಂಡು ಮನೆಗೆ ಹೋದಳು. ಹೋಗುವ ಮೊದಲು, ಮತ್ತೆ ತಲೆನೋವೋ ಮಂಕೋ ಕಂಡರೆ ಕೂಡಲೇ ಬರಬೇಕೆಂದೂ, ಉಣುಗು ಹತ್ತದಂತೆ ಮೈಗೆ ಎಣ್ಣೆ ಹಚ್ಚದೆ ಬೆಟ್ಟಕ್ಕೆ ಕಾಲಿಡಬಾರದೆಂದೂ, ದರಗು ತಂದ ದಿನ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಕುದಿಸಬೇಕೆಂದೂ ಹೇಳುವ ಕೆಲಸವನ್ನು ನನಗೇ ಒಪ್ಪಿಸಿದರು.

ಇದರಲ್ಲಿ ನನ್ನ ಜಾಣತನವೇನೂ ಇರಲಿಲ್ಲ. ದರಗು ಗುಡಿಸುವ ಮನೆಯಲ್ಲಿ ಹುಟ್ಟಿದ ಯಾವ ಹುಡುಗಿಯೂ ಅದನ್ನೇ ಕೇಳುತ್ತಿದ್ದಳು. ಆದರೆ ಆ ವಾರ್ಡಿನಲ್ಲಿ ಅಂದು ಅಂಥ ಮನೆಯಿಂದ ಬಂದವಳು ನಾನೊಬ್ಬಳೇ ಆಗಿದ್ದೆ. ಮುಂದಿನ ವಾರದಿಂದ ಮಲೆನಾಡಿನ ಕಡೆಯ ರೋಗಿ ಬಂದಾಗಲೆಲ್ಲ “ಆ ಹೊಸನಗರದ ಹುಡುಗಿಯನ್ನು ಕರೆಯಿರಿ” ಎಂಬ ಮಾತು ಕೇಳಿಬರತೊಡಗಿತು. ವೈದ್ಯರ ಪ್ರಶ್ನೆಯೂ ಬದಲಾಯಿತು. ಕಾಡಿಗೆ ಹೋಗಿದ್ದಿರಾ ಎಂಬುದರ ಜೊತೆಗೆ ಸೊಪ್ಪು, ದರಗು, ಸೌದೆ, ಬೆಟ್ಟ ಎಂಬ ಮಾತುಗಳೂ ಸೇರಿದವು. ಹಾಸ್ಟೆಲಿನ ಅನ್ನದ ರುಚಿ ಹಿಂದಿನಂತೆಯೇ ಇತ್ತು. ಆದರೆ ಅದು ನನಗೆ ಸೇರತೊಡಗಿದ್ದು ಆ ದಿನಗಳಿಂದ. ಬಾಣಂತಿಗೆ ನೀರು ಹಾಕಲು ಕರೆಬಂದ ದಿನದಿಂದ ಅಜ್ಜಿ ಆ ಊರಿನವಳಾದಳೆಂಬ ಕಥೆಯ ಅರ್ಥ ಆಗ ತಿಳಿಯಿತು. ನಮ್ಮನ್ನು ಒಪ್ಪಿಕೊಳ್ಳಿರೆಂದು ಯಾರನ್ನೂ ಕೇಳಿ ಪ್ರಯೋಜನವಿಲ್ಲ. ನಾವಿಲ್ಲದೆ ನಡೆಯದ ಒಂದು ಕೆಲಸ ಒಂದು ಜಾಗದಲ್ಲಿ ಸಿಕ್ಕಿದರೆ ಆ ಜಾಗ ತಾನಾಗಿ ನಮ್ಮದಾಗುತ್ತದೆ. ಇನ್ನೂ ಒಂದು ಸಂಗತಿ ಇದೆ. ನನಗೆ ಆ ಕೆಲಸ ಸಿಕ್ಕಿದ್ದು ನಾನು ನನ್ನ ಊರನ್ನು ಬಿಟ್ಟುಕೊಟ್ಟದ್ದರಿಂದಲ್ಲ, ಊರನ್ನು ಜೊತೆಗೆ ತಂದದ್ದರಿಂದ. ಮೊದಲ ವರ್ಷ ನಾನು ಯಾವುದನ್ನು ಬಚ್ಚಿಡಲು ಹೆಣಗಿದ್ದೆನೋ ಆ ಮಾತು, ಆ ಕೊಟ್ಟಿಗೆ, ಆ ಬೆಟ್ಟ ಇವೇ ನನ್ನ ವಿದ್ಯೆಯ ಬಂಡವಾಳವಾದವು.

ಹೀಗೆಂದರೆ ಇಂಗ್ಲಿಷ್ ಬೇಡವೆಂದಲ್ಲ. ಔಷಧದ ಪ್ರಮಾಣವನ್ನು ತಪ್ಪಿಲ್ಲದೆ ಓದಲು ಅದು ಬೇಕು; ನನ್ನ ಸಹಪಾಠಿಗಳಲ್ಲಿ ಕೆಲವರಿಗೆ ಹೊರದೇಶಗಳ ಆಸ್ಪತ್ರೆಗಳ ಬಾಗಿಲು ತೆರೆದದ್ದೂ ಅದೇ. ಆದರೆ ಮಂಗನ ಕಾಯಿಲೆಯನ್ನು ಹರಡುವ ಉಣುಗಿನ ಶಾಸ್ತ್ರೀಯ ಹೆಸರೇನೆಂದು ಪರೀಕ್ಷೆಯಲ್ಲಿ ಕೇಳುತ್ತಾರೆ. ಉಣುಗು ಹತ್ತಿದವಳನ್ನು ಏನೆಂದು ಕೇಳಬೇಕೆಂಬುದು ಯಾವ ಪ್ರಶ್ನೆಪತ್ರಿಕೆಯಲ್ಲೂ ನನಗೆ ಕಾಣಲಿಲ್ಲ. 2021ರಲ್ಲಿ ಶುಶ್ರೂಷಾ ಪರಿಷತ್ತು ಪದವಿಯ ಪಠ್ಯಕ್ರಮವನ್ನು ಪರಿಷ್ಕರಿಸಿ ನಾಲ್ಕು ವರ್ಷವನ್ನು ಎಂಟು ಸೆಮಿಸ್ಟರುಗಳಾಗಿ ಹಂಚಿದಾಗ, ಸಂವಹನದ ಇಂಗ್ಲಿಷ್ ಎಂಬ ವಿಷಯಕ್ಕೆ ಮೊದಲ ಸೆಮಿಸ್ಟರಿನಲ್ಲಿಯೇ ಸ್ಥಾನ ದೊರೆಯಿತು. ಒಳ್ಳೆಯದೇ. ರೋಗಿಯೊಡನೆ ಸಂವಹನದ ಕನ್ನಡಕ್ಕೂ ಅಂಥದೊಂದು ಸ್ಥಾನ ಬೇಡವೇ? ಹೊರ ರಾಜ್ಯದವರಿಗೆ ಮಾತ್ರವಲ್ಲ, ಬಯಲುಸೀಮೆಯಿಂದ ಮಲೆನಾಡಿಗೆ ಬಂದ ಕನ್ನಡಿಗರಿಗೂ ಅದು ಬೇಕು.

ಈ ಕೆಲಸಕ್ಕೆ ಮೇಲ್ಪಂಕ್ತಿಯನ್ನು ನಾವು ದೂರ ಹುಡುಕಬೇಕಾಗಿಲ್ಲ. ವೈದ್ಯೆಯೂ ಲೇಖಕಿಯೂ ಆಗಿದ್ದ ಡಾ. ಅನುಪಮಾ ನಿರಂಜನ 1934ರಲ್ಲಿ ಹುಟ್ಟಿದ್ದು ತೀರ್ಥಹಳ್ಳಿಯಲ್ಲಿಯೇ. ‘ದಾಂಪತ್ಯ ದೀಪಿಕೆ’, ‘ತಾಯಿ ಮಗು’, ‘ಕೇಳು ಕಿಶೋರಿ’ ಎಂಬ ಅವರ ಪುಸ್ತಕಗಳು, ಹೆಂಗಸರು ಬಾಯಿಬಿಟ್ಟು ಕೇಳಲು ನಾಚುತ್ತಿದ್ದ ಸಂಗತಿಗಳನ್ನು ಮನೆಯ ಭಾಷೆಯಲ್ಲಿ, ಮರ್ಯಾದೆಗೆ ಕುಂದಿಲ್ಲದಂತೆ ತಿಳಿಸಿದವು. ಹಾಸ್ಟೆಲಿನಲ್ಲಿ ಆ ಪುಸ್ತಕಗಳಲ್ಲೊಂದು ಕೈಯಿಂದ ಕೈಗೆ ಹೋಗಿ ರಟ್ಟು ಕಳಚಿತ್ತು. ಅಂಗ್ಲಾಂಗವಿಲ್ಲದೆ ವೈದ್ಯವಿದ್ಯೆಯನ್ನು ಹೇಳಬಹುದೆಂದು ನನಗೆ ಧೈರ್ಯ ಬಂದದ್ದು ಅದನ್ನು ಓದಿದ ಮೇಲೆ.

ನನ್ನ ಕೋಣೆಯ ಸಂಗಾತಿಯೂ ನಾನೂ ಮೊದಲ ವರ್ಷ ಒಂದು ನೋಟುಪುಸ್ತಕ ಮಾಡಿದ್ದೆವು. ಒಂದು ಪುಟಕ್ಕೆ ನಾಲ್ಕು ಗೆರೆ: ಪಠ್ಯದ ಇಂಗ್ಲಿಷ್, ಪುಸ್ತಕದ ಕನ್ನಡ, ರೋಗಿಯ ಮಾತು, ಮಲಯಾಳ. ‘ಅನ್ನ ಸೇರ್ತಿಲ್ಲ’, ‘ಕಣ್ಣು ಕತ್ತಲೆ ಬಂತು’, ‘ಹೊಟ್ಟೆ ಸಂಕಟ’, ‘ಎದೆ ಹಿಡ್ಕೊಂಡ ಹಾಗೆ’, ‘ಮುಟ್ಟು ನಿಂತಿದೆ’ ಎಂಬಂಥ ಮಾತುಗಳು ಮೂರನೆಯ ಗೆರೆಯಲ್ಲಿ. ಮಂಗನ ಕಾಯಿಲೆಯ ವರ್ಷ ಅದಕ್ಕೆ ಕಾಡಿನ ಹೆಸರುಗಳೆಲ್ಲ ಬಂದು ಸೇರಿದವು. ನಾವು ಹೊರಡುವಾಗ ಅದನ್ನು ಕಿರಿಯರಿಗೆ ಕೊಟ್ಟೆವು. ಯಾವ ಮುದ್ರಣಾಲಯವನ್ನೂ ಕಾಣದ ಆ ಪುಸ್ತಕ ನನ್ನ ತಿಳಿವಿನಲ್ಲಿ ಒಂದು ಒಳ್ಳೆಯ ಪಠ್ಯ. ಪ್ರತಿಯೊಂದು ನರ್ಸಿಂಗ್ ಕಾಲೇಜಿನ ಮಕ್ಕಳೂ ತಮ್ಮ ಸುತ್ತಿನ ತಾಲ್ಲೂಕುಗಳ ಮಾತನ್ನು ಹೀಗೆ ಕೂಡಿಹಾಕಿದರೆ ಶುಶ್ರೂಷೆಗೂ ಲಾಭ, ಕನ್ನಡಕ್ಕೂ ಲಾಭ.

2025ರ ಜುಲೈಯಲ್ಲಿ ಶರಾವತಿಯ ಹಿನ್ನೀರಿಗೆ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಸೇತುವೆ ತೆರೆಯಿತು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಬೆಳಗಿನವರೆಗೆ ಕಾಯಬೇಕಾಗಿದ್ದ ತುಮರಿಯ ಕಡೆಯ ಬಸುರಿಯರು, ಜ್ವರದವರು ಈಗ ರಾತ್ರಿಯಲ್ಲೂ ಸಾಗರದ ಆಸ್ಪತ್ರೆ ಮುಟ್ಟಬಹುದು. ಅರುವತ್ತು ವರ್ಷ ಕಾದ ಜನಕ್ಕೆ ಅದು ಸಣ್ಣ ಸಂಗತಿಯಲ್ಲ. ಆಸ್ಪತ್ರೆಯ ಬಾಗಿಲು ಮುಟ್ಟಿದ ಮೇಲಿನ ದಾರಿ ನಮ್ಮ ಪಾಲಿನದು. ಈ ವರ್ಷ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕನ್ನಡ ಶಾಲೆಗಳಿಂದ ಹೊರಟು, ಪೆಟ್ಟಿಗೆಯ ಮೂಲೆಯಲ್ಲಿ ಬಸ್ಸಿನ ಹಣ ಕಟ್ಟಿಟ್ಟುಕೊಂಡಿರುವ ಹುಡುಗಿಯರು ಎಷ್ಟೋ ಮಂದಿ ಇರಬಹುದು. ಅವರ ಮೌನವನ್ನು ದಡ್ಡತನವೆಂದು ಎಣಿಸದ ಉಪಾಧ್ಯಾಯರು ಅವರಿಗೆ ದೊರೆಯಲಿ. ಅವರು ವಾರ್ಡಿಗೆ ಬರುವವರೆಗಾದರೂ ಆ ಹಣ ಅಲ್ಲಿಯೇ ಇರಲಿ. ಅಲ್ಲಿ ಅವರಿಗಾಗಿ ಯಾರೋ ಮಾತು ತುಂಬಿಕೊಂಡು ಕಾಯುತ್ತಿರುತ್ತಾರೆ.